ಕೌದಿ ತಂದುಕೊಡುವಾಗ

ರಾಯದುರ್ಗ

ಎಸ್.ಐ. ಸಾಹೇಬರಿಗೆ ಮೈಲಾರಿಯ ನಮಸ್ಕಾರ.

ಜೀನ್ಸ್ ಯೂನಿಟ್‌ನಲ್ಲಿ ಬಟ್ಟೆ ಕದ್ದಳೆಂದು, ಅರ್ಧ ಹೊಲಿದ ಕೌದಿಯ ಸಮೇತ ನೀವು ಮನೆಯಿಂದ ಕರೆದೊಯ್ದ ಹದಿನೈದು ವರ್ಷದ ಹುಡುಗಿ ನಾನೇ. ಮನೆಯಲ್ಲಿ ಬಸುರಿ ಇದ್ದರೆ, ಹುಟ್ಟುವ ಕೂಸಿಗೆ ಹಾಸಲು ಕೌದಿ ಹೊಲಿಯಲೆಂದು ಕಟಿಂಗ್‌ನಲ್ಲಿ ಉಳಿದ ತುಂಡುಗಳನ್ನು ಒಯ್ಯುವುದು ನಮ್ಮ ಯೂನಿಟ್‌ನ ರೂಢಿ. ಹೊಸ ಸೂಪರ್‌ವೈಸರ್‌ಗೆ ಅದು ಗೊತ್ತಿರಲಿಲ್ಲ. ಮಕ್ಕಳ ನ್ಯಾಯ ಮಂಡಳಿಯ ಮುಂದೆ ಯೂನಿಟ್‌ನ ಯಜಮಾನರೇ ಈ ಮಾತು ಒಪ್ಪಿದರು, ಕೇಸು ಮುಗಿಯಿತು.

ಮಂಡಳಿಯ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸ್ಟೇಷನ್ನಾಗ ಯಾರ ಜೊತಿಗೆ ಕೂಡ್ರಿಸಿದ್ರವ್ವಾ?" ಎಂದು ಕೇಳಿದರು. "ಕುಡಿದು ಗಲಾಟಿ ಮಾಡಿದ ಗಂಡಸರ ಜೊತಿಗ್ರಿ" ಎಂದೆ. ಆಗ ಮೇಡಂ ತಿಳಿಸಿ ಹೇಳಿದರು: ಹಿಡಿದು ತಂದ ಮಕ್ಕಳನ್ನು ದೊಡ್ಡವರ ಜೊತೆ ಇಡಬಾರದೆಂದು ಎಷ್ಟೋ ದೇಶಗಳು ಸೇರಿ ಒಪ್ಪಿಕೊಂಡಿವೆಯಂತೆ. ಪೊಲೀಸರು ಮಕ್ಕಳ ಬಳಿ ಯೂನಿಫಾರ್ಮ್‌ನಲ್ಲಿ ಬರಬಾರದೆಂದು ನಮ್ಮ ದೇಶದ ಮಕ್ಕಳ ಕಾಯ್ದೆಯ ನಿಯಮದಲ್ಲೇ ಇದೆಯಂತೆ. ನಿಮಗೂ ತಿಳಿದಿರಲಿ ಎಂದು ಬರೆದೆ.

ಈಗ ನಿಮ್ಮಿಂದ ಆಗಬೇಕಾದ ಕೆಲಸದ ಮಾತು. ಅಕ್ಕ ಜ್ಯೋತಿಗೆ ದಿನ ತುಂಬಿದೆ, ಕೌದಿ ನಿಮ್ಮ ಸ್ಟೇಷನ್ನಿನಲ್ಲೇ ಇದೆ. ಅವ್ವ, "ನಾವ ಹೋಗಿ ತಂದ್ರಾತು, ಸುಮ್ನಿರು" ಅನ್ನುತ್ತಾಳೆ. ನಾನು ಒಪ್ಪಿಲ್ಲ. ನೀವು ಒಯ್ಯುವಾಗ ಓಣಿಯೆಲ್ಲ ನಿಂತು ನೋಡಿತ್ತು, ತಂದುಕೊಡುವುದನ್ನೂ ನೋಡಲಿ. ಹಗಲು ಹೊತ್ತಿನಲ್ಲಿ ಬನ್ನಿ, ಅವ್ವ ಚಹಾ ಮಾಡುತ್ತಾಳೆ.

ಯೂನಿಫಾರ್ಮ್ ಮಾತ್ರ ಬೇಡ. ಜೀನ್ಸ್ ಹಾಕಿಕೊಂಡು ಬನ್ನಿ. ಅದನ್ನು ಹೊಲಿಯುವವರು ನಾವೇ, ಅದಕ್ಕೆ ನಮ್ಮ ಓಣಿಯಲ್ಲಿ ಯಾರೂ ಹೆದರುವುದಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಮೈಲಾರಿ