ನಾಲ್ಕು ಡಿಗ್ರಿ ಎಂದು ಬರೆದೆ

ಆಗಸ್ಟ್ 21, 2023. ಸೋಮವಾರ

ಪ್ರಿಂಟರ್ ಮತ್ತೆ ಕಾಗದ ನುಂಗಿತು. ಹಿಂದಿನ ಮುಚ್ಚಳ ತೆಗೆದು ಎಳೆದರೆ ಅರ್ಧ ಹಾಳೆ ಕೈಗೆ, ಅರ್ಧ ಒಳಗೆ. ಮಾಸಿಕ ವರದಿ ನಾಳೆಗೆ ಹೋಗಬೇಕು. ಈ ಪಶು ಆಸ್ಪತ್ರೆಗೆ ಬಂದು ಆರು ವರ್ಷ. ಸ್ಟೋರು, ಕಂಪ್ಯೂಟರು, ರಿಜಿಸ್ಟರು, ಎಲ್ಲಾ ನನ್ನ ತಲೆಗೇ. ಡಾಕ್ಟರ್ ಶಾಂತಕುಮಾರಿ ಮೇಡಂಗೆ ಎರಡು ಆಸ್ಪತ್ರೆಯ ಚಾರ್ಜು, ಇಲ್ಲಿಗೆ ವಾರಕ್ಕೆರಡು ದಿನ. ಉಳಿದಂತೆ ನಾನು ಮತ್ತು ಅಟೆಂಡರ್ ಮೈಲಪ್ಪ.

ರಷ್ಯಾದವರ ನೌಕೆ ಚಂದ್ರನ ಮೇಲೆ ಬಿದ್ದು ಚೂರಾಯಿತಂತೆ. ಅವಸರ ಮಾಡಿದರು. ನಮ್ಮ ನೌಕೆ ನಿಧಾನ, ಆದರೆ ಹದ ತಪ್ಪುವುದಿಲ್ಲ. ಮೈಲಪ್ಪನಿಗೆ ಹೇಳಿದರೆ, "ನಿಧಾನನ ಬೇಕಂದ್ರ ನಮ್ಮ ಪ್ರಿಂಟರ್ ಕಳಸಬೇಕಿತ್ತು ಬಿಡ್ರಿ" ಅಂದ.

ಲಸಿಕೆ ಫ್ರಿಜ್ 4 ಡಿಗ್ರಿ. ಬರೆದೆ.

ಆಗಸ್ಟ್ 23, ಬುಧವಾರ. ಸಂಜೆ 7, ಬಸ್ಸಿನಲ್ಲಿ

ಚಂದ್ರನ ಮೇಲೆ ಇಳಿಯಿತು! ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟ.

ನಾಲ್ಕೂವರೆಗೇ ಕರೆಂಟ್ ಹೋಯಿತು. ಕಂಪ್ಯೂಟರಿನ ಯುಪಿಎಸ್ ಸತ್ತು ಆರು ತಿಂಗಳು, ಬ್ಯಾಟರಿಗೆ ಮೂರು ಪತ್ರ ಬರೆದಾಗಿದೆ. ಇನ್ವರ್ಟರಿನ ಪ್ಲಗ್ ಪಾಯಿಂಟ್ ಇರುವುದು ಸ್ಟೋರಿನಲ್ಲಿ, ಒಂದೇ ಒಂದು. ಅದರಲ್ಲಿ ಫ್ರಿಜ್. ಕಿತ್ತೆ — ಒಂದೆರಡು ತಾಸು ತಾನೆ. ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಕಂಪ್ಯೂಟರ್ ಹಚ್ಚಿದೆ. ಇಪ್ಪತ್ತು ಜನ ಸೇರಿದರು. ಕುರಿಗೆ ಜಂತಿನ ಔಷಧಿ ಒಯ್ಯಲು ಬಂದಿದ್ದ ಹಟ್ಟಿಯ ಚೌಡಣ್ಣನೂ ಕಂಬಳಿ ಹೊದ್ದು ಕೂತ.

"ಅಲ್ಲಿ ಹುಲ್ಲು ಐತೇನ್ರಿ ಸರ?"

"ಇಲ್ಲ ಚೌಡಣ್ಣ."

"ನೀರು?"

"ಹೆಪ್ಪುಗಟ್ಟಿದ್ದು ಇರಬಹುದು ಅಂತಾರ."

"ಹಂಗಾರ ನಮ್ಮ ಕುರಿಗೆ ಆಗಿಬರಂಗಿಲ್ಲ ಬಿಡ್ರಿ."

ಆರು ಗಂಟೆ ನಾಲ್ಕು ನಿಮಿಷಕ್ಕೆ ಎಲ್ಲರೂ ಕೂಗಿದೆವು. ಚೌಡಣ್ಣ ನನ್ನನ್ನು ತಬ್ಬಿಕೊಂಡ. ನನಗೆ ಅಳು ಬಂತು. ಕೊಟ್ಟೂರಿನ ಕೊನೆಯ ಬಸ್ಸಿಗೆ ಓಡಿ ಬಂದೆ.

ನಾಳೆ, ನಾಡಿದ್ದು ರಜೆ. ಹೆಂಡತಿ ಮಾಲಾಳ ಅಕ್ಕನ ಮನೆಯ ಗೃಹಪ್ರವೇಶ, ಹರಪನಹಳ್ಳಿಯಲ್ಲಿ. ನಾಲ್ಕನೇ ಶನಿವಾರ, ಭಾನುವಾರ ಸೇರಿ ನಾಲ್ಕು ದಿನ ಆರಾಮ.

ಆಗಸ್ಟ್ 28, ಸೋಮವಾರ

ಸ್ಟೋರಿನ ಬಾಗಿಲು ತೆಗೆದರೆ ನೆಲದ ತುಂಬ ನೀರು. ಪ್ಲಗ್ಗು ನೆಲದಲ್ಲೇ ಬಿದ್ದಿತ್ತು.

ಥರ್ಮಾಮೀಟರ್ — 29.

ಬೀಗದ ಕೈ ನನ್ನ ಹತ್ತಿರವೇ ಇತ್ತು. ಯಾರೂ ನೋಡಿಲ್ಲ. ಪ್ಲಗ್ ಹಾಕಿದೆ, ನೀರು ಒರೆಸಿದೆ. ಮೇಡಂಗೆ ಫೋನ್ ಹಚ್ಚಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಕುರಿಗಳಿಗೆ ಪಿಪಿಆರ್ ರೋಗದ ಲಸಿಕೆ ಹಾಕುವುದು ಮುಂದಿನ ವಾರ. ಇಷ್ಟೂ ಹಾಳಾಯಿತು ಅಂತ ಯಾವ ಬಾಯಲ್ಲಿ ಹೇಳಲಿ? ಸೀಸೆಯೊಳಗಿನ ಬಿಳಿ ಪುಡಿ ಮೊದಲಿನಂತೆಯೇ ಕಾಣುತ್ತದೆ. ಏನೂ ಆಗಿರಲಿಕ್ಕಿಲ್ಲ.

ರಜೆಯ ದಿನದ್ದನ್ನು ಬಂದ ಮೇಲೆ ತುಂಬುವುದು ರೂಢಿ. ಇವತ್ತಿನದೂ ಸೇರಿಸಿ ತುಂಬಿದೆ. 4, 4, 5, 4, 4. ನಡುವೆ ಒಂದು 5 ಹಾಕಿದೆ, ನಿಜ ಅನ್ನಿಸಲಿ ಎಂದು.

ಸೆಪ್ಟೆಂಬರ್ 5, ಮಂಗಳವಾರ

ಚೌಡಣ್ಣನ ಹಟ್ಟಿಯಲ್ಲಿ ಲಸಿಕೆ. ನೂರಾ ನಲವತ್ತು ಕುರಿ. ಅವನು ಹಿಡಿದು ಕೊಡುವುದು, ಮೇಡಂ ಚುಚ್ಚುವುದು, ನಾನು ಸಿರಿಂಜ್ ತುಂಬಿ ಕೊಡುವುದು. ಪ್ರತಿ ಸಲ ತುಂಬುವಾಗಲೂ ಈಗ ಹೇಳಲೇ ಅನ್ನಿಸಿತು. ಮುಗಿದೇ ಹೋಯಿತು. ಚೌಡಣ್ಣನ ಹೆಂಡತಿ ಭರಮಮ್ಮ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ತಿಂದೆ.

ಚಂದ್ರನ ಮೇಲೆ ಈಗ ರಾತ್ರಿ. ನಮ್ಮ ರೋವರನ್ನು ಮಲಗಿಸಿದ್ದಾರೆ. ಮತ್ತೆ ಏಳುವುದು ಖಾತ್ರಿಯಿಲ್ಲ ಎಂದು ಅವರೇ ಹೇಳುತ್ತಾರೆ.

ಸೆಪ್ಟೆಂಬರ್ 14, ಗುರುವಾರ

ಹೊಸ ಐಫೋನ್ ಬಂತು. ಚಾರ್ಜರಿನ ತೂತು ಬದಲಾಯಿಸಿದ್ದಾರೆ, ಅದಕ್ಕೇ ಜಗತ್ತು ಚಪ್ಪಾಳೆ ಹೊಡೆಯುತ್ತಿದೆ. ನಮ್ಮ ಆಫೀಸಿನಲ್ಲಿ ಒಂದು ಬ್ಯಾಟರಿ ಬದಲಿಸುವವರಿಲ್ಲ.

ಚೌಡಣ್ಣ ಬಂದಿದ್ದ. ಮಗಳು ಭೂಮಿಕಾ ಹಗರಿಬೊಮ್ಮನಹಳ್ಳಿಯಲ್ಲಿ ಪಿಯುಸಿ. ಪಾಠ ನೋಡಲು ಫೋನ್ ಬೇಕಂತೆ, ಯಾವುದು ಚಲೋ ಅಂತ ಕೇಳಿದ. ಚೀಟಿಯಲ್ಲಿ ಬರೆದುಕೊಟ್ಟೆ.

"ಒಂದು ಟಗರು ಮಾರಿದ್ನಿ ಸರ. ಭರಮಮ್ಮಗ ಹೇಳಿಲ್ಲ ಇನ್ನ."

ಅಕ್ಟೋಬರ್ 9, ಸೋಮವಾರ

ಬೆಳಿಗ್ಗೆ ಚೌಡಣ್ಣನ ಫೋನು. ಮೇಡಂ ಜೊತೆ ಹೋದೆ. ಮೂಗು ಸೋರುತ್ತಿದೆ, ಬಾಯೊಳಗೆ ಹುಣ್ಣು, ಭೇದಿ. ಹನ್ನೊಂದು ಸತ್ತಿದ್ದವು. ಮೇಡಂ ಒಂದರ ಬಾಯಿ ತೆರೆದು ನೋಡಿ ನನ್ನ ಕಡೆ ತಿರುಗಿದರು.

"ಪಿಪಿಆರ್ ಇದು. ಲಸಿಕಿ ಹಾಕೀವಲ್ರಿ ಕ್ರಾಂತಿ? ಫ್ರಿಜ್ ಸರಿ ಐತಲ್ಲ?"

"ರಿಜಿಸ್ಟರ್ ನೋಡ್ರಿ ಮೇಡಂ" ಅಂದೆ.

ಆಸ್ಪತ್ರೆಗೆ ಬಂದು ನೋಡಿದರು. ಪುಟದ ಕೆಳಗೆ ಸಹಿ ಹಾಕಿದರು.

ಅಕ್ಟೋಬರ್ 14, ಶನಿವಾರ

ರಜೆ. ಆದರೂ ಒಬ್ಬನೇ ಹಟ್ಟಿಗೆ ಹೋದೆ, ಔಷಧಿ ಒಯ್ದುಕೊಂಡು. ಸತ್ತಿದ್ದು ಮೂವತ್ತೊಂದು. ಚೌಡಣ್ಣ ದೂರ ಗುಂಡಿ ತೋಡುತ್ತಿದ್ದ. ಭರಮಮ್ಮ ಅವನೊಂದಿಗೆ ಮಾತು ಬಿಟ್ಟಿದ್ದಾಳೆ. ಭೂಮಿಕಾ ವಾರದಿಂದ ಕಾಲೇಜಿಗೆ ಹೋಗಿಲ್ಲ.

ಭರಮಮ್ಮನೇ ಮಾತು ತೆಗೆದಳು: "ನಮ್ಮ ಕಡಿಂದನ ತಪ್ಪಾಗೇತ್ರಿ ಸರ. ಬೀರಪ್ಪಗ ಬಿಟ್ಟ ಟಗರು ಅದು. ಈತ ಮಗಳ ಫೋನಿಗೆ ಅಂತ ಮಾರ್ಯಾನ. ದೇವರು ಸುಮ್ನ ಬಿಡ್ತಾನೇನ್ರಿ?"

"ದೇವರು ಹಂಗೆಲ್ಲಾ ಮಾಡಂಗಿಲ್ಲಮ್ಮ."

"ಮತ್ತ ಯಾರು ಮಾಡಿದ್ರು? ನೀವು ಓದಿದೋರು, ಹೇಳ್ರಿ."

ನನ್ನ ಮುಖವನ್ನೇ ನೋಡಿ ಕೇಳಿದಳು. ನಾನು ಕುರಿಗಳ ಕಡೆ ತಿರುಗಿದೆ.

ನಮ್ಮಪ್ಪ ನನಗೆ ಪಂಚಶೀಲ ಬಾಯಿಪಾಠ ಮಾಡಿಸಿದ್ದ. ಸುಳ್ಳು ಆಡಬಾರದು ಅನ್ನುವುದು ಐದರಲ್ಲಿ ಒಂದು. ನಾನು ಇವತ್ತು ಆಡಿದ್ದು ಸುಳ್ಳೂ ಅಲ್ಲ. ಬಾಯಿ ಮುಚ್ಚಿಕೊಂಡೆ ಅಷ್ಟೆ… ನನ್ನ ತಪ್ಪನ್ನು ಅವಳ ದೇವರ ಮೇಲೆ ಹೊರಿಸಿ ಬಂದೆ.

ಅಕ್ಟೋಬರ್ 21, ಶನಿವಾರ

ಆಫೀಸಿನಲ್ಲಿ ಇವತ್ತೇ ಆಯುಧಪೂಜೆ. ಮೈಲಪ್ಪ ಪ್ರಿಂಟರಿಗೆ, ಕಂಪ್ಯೂಟರಿಗೆ ಹೂವು ಏರಿಸಿದ. ನಾನು ಮೊಬೈಲಿನಲ್ಲಿ ಗಗನಯಾನದ ಪರೀಕ್ಷೆ ನೋಡುತ್ತಿದ್ದೆ. ಹಾರಲು ಐದು ಸೆಕೆಂಡ್ ಇರುವಾಗ ಕಂಪ್ಯೂಟರ್ ತಾನೇ ತಡೆಯಿತು. ಇಸ್ರೋದವರು ಆಗಲೇ ಬಂದು ಹೇಳಿದರು: ಎಂಜಿನ್ ಹೊತ್ತಲಿಲ್ಲ, ಏನೆಂದು ನೋಡಿ ತಿಳಿಸುತ್ತೇವೆ. ಇಡೀ ದೇಶದ ಎದುರು, ಅಷ್ಟು ಸರಳವಾಗಿ. ಸರಿಪಡಿಸಿ ಹತ್ತಕ್ಕೆ ಹಾರಿಸಿದರು.

ಮೈಲಪ್ಪ ಫ್ರಿಜ್ಜಿಗೆ ಕುಂಕುಮ ಹಚ್ಚುತ್ತ, "ಇದಕ್ಕೂ ಒಂದು ಕೈ ಮುಗಿರಿ ಸರ" ಅಂದ. ಆಗಲಿಲ್ಲ. ಒಳಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ನಿಂತುಕೊಂಡೇ.

ಅವರು ರಿಜಿಸ್ಟರನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ —

"ಆ ಬ್ಯಾಚ್ ಇನ್ನ ಎಷ್ಟು ಹಟ್ಟಿಗೆ ಹಾಕೀವಿ?"

"ಮೂರು."

"ಮೊದಲು ಅವ್ರಿಗೆ ಫೋನ್ ಹಚ್ರಿ. ಅಳೋದು ಆಮ್ಯಾಲೆ ಅಳ್ರಿ."

ಕೂಡ್ಲಿಗಿಯಿಂದ ಬೇರೆ ಲಸಿಕೆ ತಂದೆ, ಐಸ್ ಡಬ್ಬಿಯಲ್ಲಿ, ಬೈಕಿನ ಮೇಲೆ. ಸಂಜೆಯೊಳಗೆ ಎರಡು ಹಟ್ಟಿ ಮುಗಿಯಿತು. ಅಲ್ಲಿನ್ನೂ ರೋಗ ಬಂದಿಲ್ಲ. ಮೂರನೆಯದು ನಾಳೆ ಬೆಳಿಗ್ಗೆ. ಮೇಡಂ ನನ್ನ ಕೈಲೇ ಬರೆಸಿ ಸಹಿ ಮಾಡಿಸಿಕೊಂಡರು. ಕೆಳಗೆ ತಾವೂ ಬರೆದರು: ರಿಜಿಸ್ಟರಿನ ಅಂಕಿ ನಿಜವೇ ಎಂದು ಪರಿಶೀಲಿಸದೆ ಸಹಿ ಹಾಕಿದ್ದೇನೆ.

ಅಕ್ಟೋಬರ್ 22, ಭಾನುವಾರ

ಮೂರನೆಯ ಹಟ್ಟಿ ಮುಗಿಸಿ ಚೌಡಣ್ಣನಲ್ಲಿಗೆ ಹೋದೆ. ಭರಮಮ್ಮ ಮರಿಯೊಂದಕ್ಕೆ ಗಂಜಿ ಕುಡಿಸುತ್ತಿದ್ದಳು. ಅವನು ಆಚೆ ಬದಿಗೆ ಕೂತು ಸೊಪ್ಪು ಕಟ್ಟುತ್ತಿದ್ದ.

"ಫ್ರಿಜ್ಜಿನ ಪ್ಲಗ್ ನಾನು ಕಿತ್ತಿದ್ದೆ. ಹಾಕೋದು ಮರತೆ. ಔಷಧಿ ಕೆಟ್ಟಿತ್ತು. ಗೊತ್ತಿದ್ದೂ ನಿಮ್ಮ ಕುರಿಗೆ ಹಾಕಿಸಿದೆ. ದೇವರದ್ದೂ ಅಲ್ಲ, ಟಗರಿನದ್ದೂ ಅಲ್ಲ."

ಚೌಡಣ್ಣ ಸೊಪ್ಪು ಕೆಳಗಿಟ್ಟ. "ಚಂದ್ರನ್ನ ನೋಡಿದ ದಿನಾನ?"

"ಹೌದು."

"ನಾನೂ ಕುಂತು ನೋಡಿದೆನಲ್ರಿ ಸರ…"

ಬೈದಿದ್ದರೆ ಚೆನ್ನಾಗಿತ್ತು. ಭರಮಮ್ಮ ಮರಿಯನ್ನು ಬಿಟ್ಟು ಎದ್ದಳು. ಗಂಡನಿಗೆ, "ಏಳು, ರೊಟ್ಟಿ ಆರತಾವ, ಉಣ್ಣು ನಡಿ" ಅಂದಳು. ಅವನು ಅವಳ ಮುಖ ನೋಡಿದ, ಎದ್ದು ಹೋದ.

ಆಮೇಲೆ ನನ್ನ ಕಡೆ ತಿರುಗಿದಳು.

"ಅವತ್ತು ನಿಮ್ಮನ್ನ ಕೇಳಿದ್ನಿ. ನೀವು ಹೋದ ಮ್ಯಾಲ ನನ್ನ ಮಗಳ ಮ್ಯಾಲ ಕೈ ಮಾಡಿದ್ನಿ ಸರ. ಎಂದೂ ಮಾಡಿದಾಕಿ ಅಲ್ಲ ನಾನು."

ಮರಿಯನ್ನು ಮತ್ತೆ ಎತ್ತಿಕೊಂಡಳು.

"ಇನ್ನ ಈ ಹಟ್ಟಿಗೆ ಬರಬ್ಯಾಡ್ರಿ."

ಅಕ್ಟೋಬರ್ 27, ಶುಕ್ರವಾರ

ಅಮಾನತಿನ ಆದೇಶ ಬಂತು. ಮೈಲಪ್ಪ ಬಸ್ಟ್ಯಾಂಡಿನವರೆಗೂ ಬಂದ. ಮಾಲಾಗೆ ಫೋನಿನಲ್ಲೇ ಹೇಳಿದೆ. "ಮನಿಗೆ ಬಾ ಮೊದಲು" ಅಂದಳು.

ಆದೇಶದ ಪ್ರತಿಗೆ ಸಹಿ ಮಾಡಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಮರಳಿ ಬರುವಾಗ ಅಲ್ಲಿನ ಬಸ್ಟ್ಯಾಂಡಿನಲ್ಲಿ ಭೂಮಿಕಾ. ಕಾಲೇಜಿನ ಬ್ಯಾಗು ಹೆಗಲಿಗಿತ್ತು. ನಾನು ಬೇರೆ ಕಡೆ ನೋಡಿದೆ. ಅವಳೇ ಬಂದಳು.

"ಅರವತ್ತೆರಡು ಉಳದಾವ್ರಿ ಸರ. ಅಪ್ಪ ಅವ್ವ ಮಾತಾಡಾಕ ಹತ್ಯಾರ."

ಒಳ್ಳೆಯದಾಯಿತು ಅಂದೆ. ಅವಳು ಹೋಗಲಿಲ್ಲ.

"ಮರೆಯೋದು ಎಲ್ಲರಿಗೂ ಆಗತೈತ್ರಿ. ಆದ್ರ ಅವ್ವ ಕೇಳಿದಾಗ ನಾನು ಗುಡಿಸಲ ಬಾಗಿಲಾಗ ನಿಂತಿದ್ನಿ. ನೀವು ನನ್ನೂ ನೋಡಿದ್ರಿ. ಅವಾಗ ಯಾಕ ಹೇಳಲಿಲ್ಲ?"

ಬಸ್ಸು ಬಂದು ನಿಂತಿತ್ತು. ಅವಳು ಕಾಯುತ್ತಿದ್ದಳು. ನಾನು ಅಂದೆ, ಯಾಕಂದ್ರ ಭೂಮಿಕಾ, ಅವತ್ತು ನನಗ ನಿಮ್ಮ ಕುರಿಗಿಂತ ನನ್ನ ನೌಕರಿ ದೊಡ್ಡದು ಅನ್ನಿಸಿತ್ತು.