ಹಿಂದಿನ ಕಿಟಕಿ

ಚಲಪತಿಯವರಿಗೆ,

ಮೊದಲು ಇಟ್ಟುಕೊಂಡಿದ್ದ ನಂದೀಶ ಒಳಗೇ ಸತ್ತ ವ್ಯಾನನ್ನು ನೀವು ಆ ವಿಷಯ ಮುಚ್ಚಿಟ್ಟು ನನಗೆ ಮಾರಿದ್ದೀರಿ. ಇದು ಮೋಸ.

ಊರೂರಿಗೆ ಮೂಢನಂಬಿಕೆ ವಿರುದ್ಧ ಕರಪತ್ರ ಹಂಚುತ್ತಾ ವ್ಯಾನಿನಲ್ಲೇ ವಾಸಿಸುವ ನನಗೆ ಒಂದು ಫ್ಯಾನು, ಎರಡು ಬಲ್ಬು ಸಾಕು, ಬ್ಯಾಟರಿಯಲ್ಲೇ ಆಗುತ್ತಿತ್ತು. ನೀವು ಪೆಟ್ರೋಲ್ ಜನರೇಟರ್ ಕೊಟ್ಟು, "ಒಳಗೇ ಇಟ್ಕೊಳ್ಳಮ್ಮ, ಹೊರಗಿಟ್ರೆ ಕದ್ಬಿಡ್ತಾರೆ" ಅಂದಿರಿ.

ನಲ್ಲೂರಿನ ಹುಣಸೆತೋಪಿನಲ್ಲಿ ಅದನ್ನು ಒಳಗೇ ಓಡಿಸಿ ಮಲಗಿದಾಗಲೆಲ್ಲ, ನಾನು ಚಿಲಕ ಹಾಕಿದ್ದ ಹಿಂದಿನ ಕಿಟಕಿ ಬೆಳಗ್ಗೆ ತೆರೆದಿರುತ್ತಿತ್ತು. ಗಾಜಿನ ಒಳಮೈ ಮೇಲೆ ಮಸಿಯ ಅಂಗೈ ಗುರುತು. ದೆವ್ವವಿಲ್ಲವೆಂದು ಕರಪತ್ರ ಬರೆದವಳು ನಾನು. ಆದರೆ ಆ ಕಿಟಕಿ ತೆರೆಯದಿದ್ದರೆ ಜನರೇಟರ್ ಹೊಗೆಗೆ ಸತ್ತಿರುತ್ತಿದ್ದೆ.

ಹೋದ ವಾರ ನಂದೀಶನ ತಾಯಿ ಮುತ್ತಮ್ಮ ವ್ಯಾನನ್ನು ಗುರುತಿಸಿ ಬಂದರು. ಗಾಜು ನೋಡಿ, "ಕಿರುಬೆರಳು ಅರ್ಧ ಐತೆ ನೋಡಮ್ಮ, ನಮ್ ನಂದೀಶಂದೇ. ಅವನಿಗೂ ಜನರೇಟರ್ ಒಳಗೇ ಇಟ್ಕೋ ಅಂದಿದ್ದ ಆ ಚಲಪತಿ. ಆಮೇಲೆ ನನ್ ಮಗ ಕುಡ್ದು ಸತ್ತ ಅಂತ ಊರಿಗೆಲ್ಲ ಹೇಳ್ಬಿಟ್ಟ" ಎಂದರು.

ದುಡ್ಡು ವಾಪಸ್ ಬೇಡ. ಮುತ್ತಮ್ಮನ ಎದುರು, ಊರವರ ಎದುರು ನಿಜ ಹೇಳಿ. ಮೊದಲು ಜನರೇಟರ್ ಓಡಿಸಿ ವ್ಯಾನಿನೊಳಗೆ ಕೂತು ಮಾತಾಡೋಣ. ಕಿಟಕಿಯ ಚಿಲಕ ನೀವೇ ಹಾಕಿ. ನಿಮಗೂ ತೆರೆಯುತ್ತದೋ ನೋಡೋಣ.

ಭಾನುವಾರ ಸಂಜೆ ನಾಲ್ಕು ಗಂಟೆಗೆ, ಅದೇ ತೋಪಿನಲ್ಲಿ.

ಇತಿ,
ಮಮತ