ಮೈಕಿನಲ್ಲಿ ದೋಷವಿರಲಿಲ್ಲ

ಧ್ವನಿ ಪರಿಶೀಲನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಹೆಂಡತಿಯ ಧ್ವನಿ ನನ್ನ ಹೆಂಡತಿಯದಲ್ಲ ಎಂದು ತೀರ್ಮಾನಿಸಿ ನೀವು ಆಕೆಯ ಖಾತೆಯನ್ನು ಮುಚ್ಚಿದಿರಿ. ವಂಚನೆ ಎಂಬ ಪದವನ್ನೂ ಧಾರಾಳವಾಗಿ ಬಳಸಿದಿರಿ. ಆಕೆ ವಂಚಕಿಯಲ್ಲ. ಆದರೆ ಧ್ವನಿ ಬದಲಾಗಿದೆ ಎಂದು ನೀವು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ನಮಗಿಂತ ಏಳು ತಿಂಗಳು ಮೊದಲೇ ಅದು ನಿಮಗೆ ಗೊತ್ತಾಗಿತ್ತು. ನನ್ನ ದೂರು ಇರುವುದೇ ಅಲ್ಲಿ.

ನಿಮ್ಮ ಲಕ್ಷಾಂತರ ಖಾತೆಗಳ ನಡುವೆ ನಾವು ಯಾರೆಂದು ನಿಮಗೆ ನೆನಪಿರಲಾರದು, ಆದ್ದರಿಂದ ಹೇಳುತ್ತೇನೆ. ನಾನು ಮಿಕ್ಸರ್, ರೇಡಿಯೊ, ಫೋನುಗಳ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಎರಡು ಕೋಣೆಗಳಲ್ಲಿ ನಾನು, ಹೆಂಡತಿ, ಮಗಳು ಮತ್ತು ಕಿವಿ ಮಂದವಾದ ನನ್ನ ತಾಯಿ. ನಾಲ್ಕು ವರ್ಷದ ಹಿಂದೆ ನಿಮ್ಮ ಆ್ಯಪನ್ನು ಮನೆಗೆ ತಂದವಳು ಮಗಳು. ಯಂತ್ರಗಳಿಗೆ ಕನ್ನಡ ಕಲಿಸಲಂತೆ, ಪರದೆಯ ಮೇಲೆ ಬರುವ ವಾಕ್ಯವನ್ನು ಓದಿ ರೆಕಾರ್ಡ್ ಮಾಡಿ ಕಳಿಸಬೇಕು. ಒಪ್ಪಿಗೆಯಾದರೆ ಅಂಕ, ಅಂಕ ಕೂಡಿದರೆ ಕೂಪನ್, ಕೂಪನ್ ಇದ್ದರೆ ಮನೆಗೆ ಸಾಮಾನು. “ಅಮ್ಮ, ಹೇಗಿದ್ರೂ ದಿನವಿಡೀ ಮಾತಾಡ್ತಾನೇ ಇರ್ತೀಯ, ಬಿಟ್ಟಿ ಯಾಕೆ ಮಾತಾಡ್ತೀಯ?” ಎಂದು ಮಗಳು ಛೇಡಿಸಿದಳು. ಹೆಂಡತಿಗೆ ಆ ಮಾತು ಬಹಳ ಹಿಡಿಸಿತು.

ಆಕೆಗೆ ಒಳ್ಳೆಯ ಧ್ವನಿಯಿತ್ತು. ನಾನು ಹೇಳಿದರೆ ಗಂಡನ ಮಾತು ಎಂದೀರಿ. ನಿಮ್ಮವರೇ ಮೊದಲ ತಿಂಗಳು ‘ಅತ್ಯುತ್ತಮ ಸ್ಪಷ್ಟತೆ’ ಎಂದು ನಕ್ಷತ್ರ ಕೊಟ್ಟಿದ್ದರು. ಆದರೆ ನಮ್ಮ ಮನೆಯ ಪಕ್ಕ ವೆಲ್ಡಿಂಗ್ ಅಂಗಡಿ, ಮುಂದೆ ನನ್ನ ಸುತ್ತಿಗೆ. ನಿಮಗೋ ನಿಶ್ಶಬ್ದ ಬೇಕು. ಹಾಗಾಗಿ ಬಟ್ಟೆಯ ಬೀರುವಿನ ಕೆಳಗಿನ ಎರಡು ಹಲಗೆ ಕಿತ್ತು, ಒಳಗೆ ಕುಳಿತುಕೊಳ್ಳುವಷ್ಟು ಜಾಗ ಮಾಡಿಕೊಟ್ಟೆ. ಸುತ್ತ ಹಳೆಯ ರಜಾಯಿ ಹೊದಿಸಿದೆವು. ಮಧ್ಯಾಹ್ನ ವೆಲ್ಡಿಂಗ್‌ನವರು ಊಟಕ್ಕೆ ಏಳುತ್ತಲೇ ಆಕೆ ಬೀರುವಿನ ಹಿಡಿಗೆ ಕೆಂಪು ಕರ್ಚೀಫು ಕಟ್ಟಿ ಒಳಗೆ ಹೋಗುತ್ತಿದ್ದಳು. ಕರ್ಚೀಫು ಇರುವಷ್ಟು ಹೊತ್ತು ನಾನು ಸ್ಕ್ರೂಡ್ರೈವರನ್ನೂ ಮೆತ್ತಗೆ ಇಡಬೇಕು. ಯಾರಾದರೂ ಕೇಳಿದರೆ ಮಗಳು, “ಅಮ್ಮ ಆಫೀಸಿಗೆ ಹೋಗಿದಾಳೆ” ಎನ್ನುತ್ತಿದ್ದಳು. ಒಂದು ಗಂಟೆಯ ಮೇಲೆ ಆಫೀಸಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಬರುತ್ತಿದ್ದಳು ನನ್ನ ಹೆಂಡತಿ.

ನಾಲ್ಕು ವರ್ಷ, ಮಾನ್ಯರೇ. ‘ಮುಂದಿನ ತಿರುವಿನಲ್ಲಿ ಎಡಕ್ಕೆ ತಿರುಗಿ.’ ‘ನಾಳೆ ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸು.’ ‘ನಿಮ್ಮ ಕರೆ ನಮಗೆ ಮುಖ್ಯವಾಗಿದೆ.’ ಎಲ್ಲಿಗೂ ತಿರುಗದೆ, ಯಾರನ್ನೂ ಎಬ್ಬಿಸದೆ, ಬೀರುವಿನೊಳಗೆ ಮೊಣಕಾಲು ಮಡಚಿ ಕುಳಿತು ಇದನ್ನೆಲ್ಲ ಓದಿದಳು. ಒಂದೊಂದು ವಾಕ್ಯಕ್ಕೆ ನೀವು ಕೊಡುತ್ತಿದ್ದ ಅಂಕ ಹೇಳಿಕೊಳ್ಳುವಂಥದ್ದಲ್ಲ. ಆದರೂ ಹನಿಗೂಡಿ ಹಳ್ಳವಾಗುತ್ತದೆ ಎಂದು ನಂಬಿದವಳು ಆಕೆ. ಮಗಳ ಓದಿನ ಮೇಜು ಆ ಹಳ್ಳದಿಂದಲೇ ಬಂತು. ಅದರ ಮೇಲೆ ಯಾರು ಲೋಟ ಇಟ್ಟರೂ, “ಒರೆಸಿ ಇಡಿ, ನನ್ನ ಗಂಟಲಿನ ದುಡಿಮೆ ಅದು” ಎಂದು ಗದರುತ್ತಿದ್ದಳು.

ಹೋದ ವರ್ಷದಿಂದ ತಿರಸ್ಕಾರಗಳು ಬರತೊಡಗಿದವು. ಮೊದಲು ‘ಕೆಮ್ಮು’. ಆಕೆ ಬಿಸಿನೀರು ಕುಡಿದು, ಉಸಿರು ಬಿಗಿಹಿಡಿದು, ಕೆಮ್ಮು ಬರುವುದರೊಳಗೆ ವಾಕ್ಯ ಮುಗಿಸುವುದನ್ನು ಕಲಿತಳು. ಕೆಮ್ಮಿಗೆ ಅಂಕ ಹೋಗುತ್ತದೆ ಎಂಬ ಚಿಂತೆಯಲ್ಲಿ ಕೆಮ್ಮು ಏಕೆ ಬರುತ್ತಿದೆ ಎಂಬ ಚಿಂತೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆಮೇಲೆ ‘ಸ್ಪಷ್ಟತೆ ಕಡಿಮೆ’. ಆಮೇಲೆ ಒಂದು ಹೊಸ ಸಾಲು: ‘ಖಾತೆದಾರರ ಧ್ವನಿಯೊಂದಿಗೆ ಹೊಂದಾಣಿಕೆ ಶೇಕಡಾ ತೊಂಬತ್ತೊಂದು.’ ಮರುತಿಂಗಳು ಎಂಬತ್ತನಾಲ್ಕು. ಮತ್ತೆ ಎಪ್ಪತ್ತು. ಜ್ವರ ಅಳೆಯುವವರು ಕೂಡ ಇಷ್ಟು ಶಿಸ್ತಾಗಿ ಬರೆದಿಡುವುದಿಲ್ಲ.

ಮೊದಲು ಎಚ್ಚೆತ್ತವಳು ಅಮ್ಮ. ಕಿವಿ ಕೇಳಿಸದ ಅಮ್ಮ! “ಇವಳು ಯಾಕೋ ಮೆತ್ತಗೆ ಮಾತಾಡ್ತಾಳೆ ಈಗೀಗ. ಮೊದಲು ಅಡುಗೆಮನೆಯಿಂದ ಕೂಗಿದ್ರೆ ಕೇಳ್ತಿತ್ತು ನಂಗೆ” ಎಂದಳು. ನಾನು ನಕ್ಕೆ. “ಅಮ್ಮ, ನಿನ್ನ ಕಿವಿ ಇನ್ನೂ ಹೋಗ್ತಿದೆ” ಎಂದೆ. ಹೆಂಡತಿಯೂ ನಕ್ಕಳು. ಅಮ್ಮ ಬೇಸರಪಟ್ಟು, “ಆಯ್ತಪ್ಪ, ನಂದೇ ತಪ್ಪು, ನನ್ನ ಕಿವಿದೇ ತಪ್ಪು” ಎಂದು ಗೋಡೆಯ ಕಡೆ ತಿರುಗಿ ಕುಳಿತಳು. ಆ ನಗು ಈಗಲೂ ನನಗೆ ಚುಚ್ಚುತ್ತದೆ.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ಯಂತ್ರದ ವೈದ್ಯ ನಾನು. ಧ್ವನಿ ಕೆಟ್ಟಿದೆ ಎಂದರೆ ನನ್ನ ತಲೆಗೆ ಬರುವುದು ಮೈಕು. ಫೋನು ಬಿಚ್ಚಿ ಮೈಕಿನ ತೂತನ್ನು ಬ್ರಷ್ಷಿನಿಂದ ಒರೆಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಬಿಚ್ಚಿ ಮೈಕನ್ನೇ ಬದಲಿಸಿದೆ. ಮೂರನೆಯ ಸಲ ಬಿಚ್ಚಿದಾಗ ಬೇರೆ ಫೋನಿನ ಒಳ್ಳೆಯ ಮೈಕು ತೆಗೆದು ಹಾಕಿದೆ. ಪ್ರತಿ ಸಲವೂ ಆಕೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡುತ್ತ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರಿಯಾಗಿ ನೋಡ್ರೀ, ನೆಲ ಡೊಂಕಿಲ್ಲ ತಾನೆ?” ಎಂದು ಒಡಕು ಧ್ವನಿಯಲ್ಲಿ ನಗುತ್ತಿದ್ದಳು. ಆ ಒಡಕನ್ನು ನಾನು ಒಂದಡಿ ದೂರದಿಂದ ಕೇಳುತ್ತಿದ್ದೆ, ನಡುವೆ ಯಾವ ಮೈಕೂ ಇರಲಿಲ್ಲ. ಆದರೂ ನನ್ನ ಕಣ್ಣೆಲ್ಲ ಫೋನಿನ ಮೇಲೆ.

ಮೂರನೆಯ ರಿಪೇರಿ ಮುಗಿದ ಮೇಲೆ, ನಾವು ಯಾವ ಯಂತ್ರಕ್ಕೂ ಮಾಡುವ ಹಾಗೆ, ಪರೀಕ್ಷೆ ಮಾಡಿದೆ. ನಾನೇ ಬೀರುವಿನೊಳಗೆ ಕುಳಿತು ಒಂದು ವಾಕ್ಯ ಓದಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಧ್ವನಿ ಸ್ಪಷ್ಟವಾಗಿದೆ. ಖಾತೆದಾರರದಲ್ಲ.’ ನಾನು ಮೊದಲ ಮಾತನ್ನಷ್ಟೇ ಓದಿ, “ಮೈಕು ಸರಿಯಿದೆ ಕಣೇ, ಅವರ ಆ್ಯಪೇ ಹಾಳು” ಎಂದು ಗೆದ್ದವನಂತೆ ಹೇಳಿದೆ. ಮೈಕು ಸರಿಯಿದ್ದರೆ, ಆ ಮೈಕಿನ ಮುಂದೆ ಕೂರುವವಳಿಗೆ ಏನಾಗಿದೆ ಎಂದು ಕೇಳಬೇಕಿತ್ತು. ಮೂವತ್ತು ವರ್ಷ ದೋಷ ಹುಡುಕಿ ಅನ್ನ ತಿಂದವನು ಕೊನೆಯ ಒಂದು ಹೆಜ್ಜೆ ಇಡಲಿಲ್ಲ. ಮರುದಿನ ನೀವು ಖಾತೆ ಮುಚ್ಚಿದಿರಿ. ಕಾರಣ: ‘ಬೇರೆಯವರಿಂದ ಕೆಲಸ ಮಾಡಿಸಿ ವಂಚನೆ.’

ಆಕೆ ಅತ್ತಳು. ಅಂಕ ಹೋದದ್ದಕ್ಕಲ್ಲ. “ನನ್ನ ಗಂಟಲು ನಂದಲ್ಲ ಅಂತಾರಲ್ರೀ” ಎಂದು ಅತ್ತಳು. ಅಳುತ್ತಿರುವಾಗ ಧ್ವನಿಯೇ ಬರಲಿಲ್ಲ, ಬರೀ ಗಾಳಿ. ಅಂದು ಸಂಜೆ ಆಸ್ಪತ್ರೆಗೆ ಹೋದೆವು.

ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ವೈದ್ಯರು ಒಳ್ಳೆಯವರು, ಬೈಯಲಿಲ್ಲ. “ಆರು ತಿಂಗಳು ಮೊದಲು ಬಂದಿದ್ರೆ ಧ್ವನಿ ಉಳಿಸೋಕೆ ನೋಡಬಹುದಿತ್ತು. ಈಗ ಜೀವ ಉಳಿಸೋಣ” ಎಂದರು. ಜೀವ ಉಳಿಯಿತು. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಈಗ ಆಕೆ ಕತ್ತಿನ ತೂತಿನಿಂದ ಉಸಿರಾಡುತ್ತಾಳೆ, ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾಳೆ.

ಈಗ ಹೇಳಿ, ಮಾನ್ಯರೇ. ತೊಂಬತ್ತೊಂದು, ಎಂಬತ್ತನಾಲ್ಕು, ಎಪ್ಪತ್ತು. ಒಬ್ಬ ಹೆಂಗಸಿನ ಕಾಯಿಲೆಯ ಇಡೀ ಲೆಕ್ಕ ನಿಮ್ಮ ಕೈಯಲ್ಲಿತ್ತು. ಗಂಡನಿಗೆ ಕೇಳಿಸದ್ದು, ಮಗಳಿಗೆ ಕೇಳಿಸದ್ದು ನಿಮ್ಮ ಯಂತ್ರಕ್ಕೆ ಕೇಳಿಸಿತ್ತು. ಇಷ್ಟು ಚೂಪಾದ ಕಿವಿಯಿಟ್ಟುಕೊಂಡು ನಿಮಗೆ ಹೊಳೆದದ್ದು ಒಂದೇ, ಕಳ್ಳತನ? ಮನುಷ್ಯರ ಧ್ವನಿ ಮೆಲ್ಲಮೆಲ್ಲನೆ ಕರಗಿದರೆ ಅದಕ್ಕೆ ಇನ್ನೊಂದು ಕಾರಣವೂ ಇರಬಹುದೆಂದು ಆ ದೊಡ್ಡ ವಿಭಾಗದಲ್ಲಿ ಯಾರಿಗೂ ಅನ್ನಿಸಲಿಲ್ಲವೇ? ‘ನಿಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದ’ ಎಂದು ಪ್ರತಿ ತಿರಸ್ಕಾರದ ಕೆಳಗೂ ಬರೆಯಲು ಜಾಗವಿತ್ತಲ್ಲ, ಅದೇ ಜಾಗದಲ್ಲಿ ‘ಒಮ್ಮೆ ಗಂಟಲು ತೋರಿಸಿಕೊಳ್ಳಿ’ ಎಂದು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮೇಲ್ಮನವಿ ಸಲ್ಲಿಸಿದೆ. ವೈದ್ಯರ ಪತ್ರ ಲಗತ್ತಿಸಿದೆ. ನಿಮ್ಮ ಉತ್ತರ ನನ್ನ ಬಳಿ ಇದೆ: ‘ಖಾತೆದಾರರು ತಮ್ಮ ಸ್ವಂತ ಧ್ವನಿಯಲ್ಲಿ ಕೆಳಗಿನ ವಾಕ್ಯವನ್ನು ಓದಿ ಗುರುತು ದೃಢಪಡಿಸತಕ್ಕದ್ದು.’ ಕೆಳಗಿನ ವಾಕ್ಯ: ‘ಇದು ನನ್ನ ಧ್ವನಿ.’ ಕಾಲು ಕಳೆದುಕೊಂಡವರಿಗೂ ಓಡಿ ಬಂದು ಅರ್ಜಿ ಕೊಡಲು ಹೇಳುತ್ತೀರೋ ಏನೋ, ತಿಳಿಯದು. ಆಕೆ ಆ ವಾಕ್ಯವನ್ನು ಬಹಳ ಹೊತ್ತು ನೋಡಿ ಫೋನನ್ನು ಬೋರಲು ಹಾಕಿದಳು.

ಈ ಪತ್ರದ ಮೊದಲ ಕರಡು ಇನ್ನೂ ಖಾರವಾಗಿತ್ತು. ಆಕೆ ಓದಿ ಸ್ಲೇಟಿನಲ್ಲಿ ಬರೆದಳು: ‘ಜಾಸ್ತಿ ಬೈಬೇಡಿ. ನನ್ನ ಕೆಮ್ಮು ಕೇಳ್ತಾ ಕೂತವರೂ ಎಲ್ಲೋ ನನ್ನ ಹಾಗೆ ಅಂಕಕ್ಕೇ ಕೂತಿರ್ತಾರೆ.’ ಇದ್ದರೂ ಇರಬಹುದು. ಅದಕ್ಕೇ ಅವರಿಗೆ ಬರೆಯುತ್ತಿಲ್ಲ, ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅಂಕ ಬೇಡ. ಕೂಪನ್ ಬೇಡ. ವಂಚನೆ ಎಂಬ ಪದ ಅಳಿಸಿದರೆ ಸಂತೋಷ, ಅಳಿಸದಿದ್ದರೆ ನಿಮ್ಮ ದೊಡ್ಡಸ್ತಿಕೆ. ನನಗೆ ಬೇಕಾದದ್ದು ಬೇರೆ. ರೆಕಾರ್ಡು ಕಳಿಸಿದ ತಕ್ಷಣ ಅದನ್ನು ಫೋನಿನಿಂದ ಅಳಿಸುವುದು ನಿಮ್ಮ ಆ್ಯಪಿನ ನಿಯಮ. ಮನೆಯ ವಿಡಿಯೊಗಳಲ್ಲೆಲ್ಲ ಫೋನು ಹಿಡಿದವಳು ಆಕೆಯೇ, ಮಾತಾಡಿದವರು ನಾವು. ಹುಡುಕಿ ಹುಡುಕಿ ನಮಗೆ ಸಿಕ್ಕಿದ ಆಕೆಯ ಧ್ವನಿ ಒಂದೇ ಮಾತು: “ಅಲ್ಲಾಡಬೇಡಿ.” ಮಗಳು ಅದನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಾಳೋ ನಾನು ಎಣಿಸಲು ಹೋಗಿಲ್ಲ. ನಾಲ್ಕು ವರ್ಷದ ಉಳಿದೆಲ್ಲ ಮಾತೂ ನಿಮ್ಮಲ್ಲಿದೆ.

ಎಲ್ಲವನ್ನೂ ಕೊಡಿ ಎಂದರೆ ನಿಯಮ ಅಡ್ಡ ಬರುತ್ತದೆಂದು ಬಲ್ಲೆ. ನೀವು ಒಪ್ಪಿಕೊಂಡವು ನಿಮ್ಮ ಸ್ವತ್ತಂತೆ, ಇರಲಿ. ನಾನು ಕೇಳುವುದು ನೀವೇ ಬೇಡವೆಂದು ತಿರಸ್ಕರಿಸಿದ ಒಂದನ್ನು. ಯಾವುದೆಂದು ಆಕೆಯೇ ಬರೆದುಕೊಟ್ಟಿದ್ದಾಳೆ. ಎರಡನೆಯ ವರ್ಷದ್ದು. ಆಕೆ ‘ಮುಂದಿನ ತಿರುವಿನಲ್ಲಿ’ ಎನ್ನುವಷ್ಟರಲ್ಲಿ ಹೊರಗಿನಿಂದ ಅಮ್ಮ ಆಕೆಯನ್ನು ಕರೆದಿದ್ದಳು. ಕರ್ಚೀಫು ಕಟ್ಟಿದ್ದು ಅಮ್ಮನಿಗೆ ಕಂಡಿರಲಿಲ್ಲ. ಇವಳು ರೆಕಾರ್ಡು ಆಗುತ್ತಿರುವುದನ್ನು ಮರೆತು ಬೀರುವಿನೊಳಗಿಂದಲೇ ಗಟ್ಟಿಯಾಗಿ, “ಬಂದೆ ಅತ್ತೆ, ಒಂದೇ ನಿಮಿಷ” ಎಂದು ಕೂಗಿ, ತನ್ನ ಪೆದ್ದುತನಕ್ಕೆ ತಾನೇ ನಕ್ಕು, ಕೈತಪ್ಪಿ ಅದನ್ನೇ ಕಳಿಸಿಬಿಟ್ಟಿದ್ದಳು. ನೀವು ಕೊಟ್ಟ ಕಾರಣ: ‘ಸಂಬಂಧವಿಲ್ಲದ ಮಾತು.’

ಅಮ್ಮ ಈಗಲೂ ಮರೆತು ಹಾಗೇ ಕರೆಯುತ್ತಾಳೆ. ಕರೆದು, ತಲೆ ವಾಲಿಸಿ, ಸ್ವಲ್ಪವಾದರೂ ಕೇಳಿಸುವ ಕಿವಿಯನ್ನು ಒಳಕೋಣೆಯ ಕಡೆ ಇಟ್ಟು ಕಾಯುತ್ತಾಳೆ. ನನ್ನ ಹೆಂಡತಿ ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ಬಂದು, ಬಂದೆ ಎಂದು ತಿಳಿಸಲು ಅವಳ ಭುಜ ಮುಟ್ಟುತ್ತಾಳೆ. ಆ ಸಂಬಂಧವಿಲ್ಲದ ಮಾತನ್ನು ನಮಗೆ ಹಿಂತಿರುಗಿಸಿ.

ಇಂತಿ,
ಸರಿಯಿದ್ದ ಮೈಕನ್ನು ಮೂರು ಸಲ ಬಿಚ್ಚಿದ
ರಿಪೇರಿಯವನು